ಶ್ರಾವಣದಲ್ಲಿ ಉಣ್ಣಿ ಕೊಲ್ಲದ ಮನೆ

ನಮ್ಮ ಮನೆಯಲ್ಲಿ ನಾಯಿಯ ಮೈಯಿಂದ ಉಣ್ಣಿ ಆರಿಸುವುದು ಅವ್ವನ ಕೆಲಸ. ಮಧ್ಯಾಹ್ನದ ಊಟವಾದ ಮೇಲೆ ಹಿತ್ತಲ ಬಾಗಿಲಲ್ಲಿ ಕಾಲು ಚಾಚಿ ಕೂರುತ್ತಾಳೆ. ನಾಯಿ ತಾನಾಗಿ ಬಂದು ಅವಳ ತೊಡೆಯ ಮೇಲೆ ತಲೆ ಇಡುತ್ತದೆ. ಕಿವಿಯ ಒಳಮಡಿಕೆ, ಕಾಲ್ಬೆರಳ ಸಂದು, ಕೊರಳಪಟ್ಟಿಯ ಕೆಳಗೆ, ಎಲ್ಲೆಲ್ಲಿ ಕಚ್ಚಿ ಕೂತಿರುತ್ತವೆಂದು ಅವಳ ಬೆರಳುಗಳಿಗೆ ಗೊತ್ತು. ವರ್ಷದ ಉಳಿದ ದಿನಗಳಲ್ಲಿ ಕಿತ್ತ ಉಣ್ಣಿ ಟ್ರ್ಯಾಕ್ಟರಿನ ಡೀಸೆಲ್ ಹಾಕಿದ ತೆಂಗಿನ ಪರಟೆಗೆ ಬೀಳುತ್ತದೆ. ಶ್ರಾವಣದಲ್ಲಿ ಮಾತ್ರ ಆ ಪರಟೆ ಒಣಗಿರುತ್ತದೆ. ಕಿತ್ತದ್ದನ್ನೆಲ್ಲ ಜೀವಂತವಾಗಿ ಅದರಲ್ಲಿ ಕೂಡಿಹಾಕಿ, ಹಿತ್ತಲ ಬಣವೆಯ ಬುಡಕ್ಕೆ ಹೋಗಿ, ಬೀಜ ಬಿತ್ತುವವರಷ್ಟು ನಿಧಾನವಾಗಿ ಸುರಿದು ಬರುತ್ತಾಳೆ.

ಇದು ಊರಿನ ಪದ್ಧತಿಯಲ್ಲ, ನಮ್ಮ ಮನೆಯದು. ನಮ್ಮದು ದುಂಡಸಿ. ಶ್ರಾವಣ ಬಂದರೆ ಊರಿನಲ್ಲಿ ನಮ್ಮಂಥ ಮನೆಯವರು ಸೋಮವಾರ ಒಪ್ಪತ್ತು ಇರುತ್ತಾರೆ, ಸಂಜೆ ಮಠದಲ್ಲಿ ಪ್ರವಚನಕ್ಕೆ ಕೂರುತ್ತಾರೆ, ಅಷ್ಟಕ್ಕೆ ಮುಗಿಯಿತು. ಅವ್ವ ಅದಕ್ಕಿಂತ ಮುಂದೆ ಹೋದದ್ದು ಅಪ್ಪನಿಗೆ ಎದೆನೋವು ಬಂದ ವರ್ಷ. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಅಪ್ಪನನ್ನು ಸ್ಟೆಂಟ್ ಹಾಕಲು ಒಳಗೆ ಒಯ್ದಿದ್ದರು. ಆಗಲೂ ಶ್ರಾವಣವೇ. ಹೊರಗಿನ ಬೆಂಚಿನಲ್ಲಿ ಕೂತು ಅವ್ವ ಹರಕೆ ಹೊತ್ತಳು: ಈ ಮನುಷ್ಯ ತಿರುಗಿ ಮನೆಗೆ ಬಂದರೆ, ತಾನಿರುವ ತನಕ ಶ್ರಾವಣದಲ್ಲಿ ತನ್ನ ಮನೆಯೊಳಗೆ ಒಂದು ಜೀವವನ್ನೂ ಸಾಯಲು ಬಿಡುವುದಿಲ್ಲ. ಅಪ್ಪ ತಿರುಗಿ ಬಂದ. ಅಂದಿನಿಂದ ಈ ತಿಂಗಳಲ್ಲಿ ನಮ್ಮ ಮನೆಯಲ್ಲಿ ಸೊಳ್ಳೆಯನ್ನು ಕೈಬೀಸಿ ಓಡಿಸುತ್ತೇವೆ, ಇರುವೆಗೆ ದಾರಿ ಬಿಡುತ್ತೇವೆ. ಇದರಲ್ಲಿ ಸ್ಟೆಂಟ್ ಹಾಕಿದ ಡಾಕ್ಟರ ಪಾಲೆಷ್ಟು, ಇರುವೆಗಳ ಪಾಲೆಷ್ಟು ಎಂದು ನಾನು ಒಮ್ಮೆ ಕೇಳಿದ್ದೆ. ಅವ್ವ ಉತ್ತರಿಸಲಿಲ್ಲ. ಚರ್ಚಾಸ್ಪರ್ಧೆಯ ನಿಯಮದ ಪ್ರಕಾರ ಎದುರಾಳಿ ಸುಮ್ಮನಿದ್ದರೆ ಅಂಕ ನಮಗೆ. ಆ ಅಂಕದಿಂದ ಮನೆಯಲ್ಲಿ ಏನೂ ಬದಲಾಗಲಿಲ್ಲ.

ಈಗ ನಾನು ಶಿಗ್ಗಾಂವಿಯ ಒಂದು ಕಾಲೇಜಿನಲ್ಲಿ ಅರೆಕಾಲಿಕವಾಗಿ ಪಾಠ ಹೇಳುತ್ತೇನೆ, ಮಕ್ಕಳನ್ನು ಚರ್ಚಾಸ್ಪರ್ಧೆಗಳಿಗೆ ತಯಾರು ಮಾಡುತ್ತೇನೆ. ಕಲಿಯುವಾಗ ನಾನೂ ಹಾನಗಲ್ಲು, ಸವಣೂರು ಎಂದು ಬಸ್ಸು ಹತ್ತಿ ಇಳಿದು, ಪರ ಅಂದರೆ ಪರ, ವಿರೋಧ ಅಂದರೆ ವಿರೋಧ ಮಾತನಾಡಿ ಬಹುಮಾನದ ಕಪ್ಪು ತಂದವಳೇ. ದೇವರು, ಜಾತಕ, ದೃಷ್ಟಿ ತೆಗೆಯುವುದು, ಯಾವುದನ್ನೂ ಪುರಾವೆ ಕೇಳದೆ ಬಿಟ್ಟವಳಲ್ಲ. ಹಾಗಾಗಿ ಮನೆಯಲ್ಲಿ ಏನಾದರೂ ಆಗಬೇಕಿದ್ದರೆ ಮೊದಲು ನನಗೆ ಕೇಳಿಸದಂತೆ ಮಾತಾಡಿಕೊಳ್ಳುತ್ತಾರೆ.

ನಾಯಿ ಬಂದದ್ದು ಅಪ್ಪನ ಸಲುವಾಗಿ. ದಿನಾ ಬೆಳಿಗ್ಗೆ ನಡೆಯಬೇಕೆಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. ಅಪ್ಪ ಹೊಲದಲ್ಲಿ ಎಷ್ಟು ಬೇಕಾದರೂ ನಿಂತಾನು, ಆದರೆ ಕೆಲಸವಿಲ್ಲದೆ ನಡೆಯುವುದು ಅವನಿಗೆ ನಾಚಿಕೆಯ ವಿಷಯ. ಯಾರಾದರೂ ಎದುರು ಬಂದು ಎಲ್ಲಿಗೆ ಹೊರಟಿರಿ ಎಂದರೆ ಎಲ್ಲಿಗೂ ಇಲ್ಲ ಎಂದು ಹೇಗೆ ಹೇಳುವುದು? ಹಿರೇಕೆರೂರಿಗೆ ಕೊಟ್ಟ ನಮ್ಮ ಅಕ್ಕ ಇದಕ್ಕೊಂದು ಉಪಾಯ ಕಂಡಳು. ಅವರ ಮನೆಯ ಲ್ಯಾಬ್ರಡಾರ್ ನಾಯಿ ಊರ ನಾಯಿಯೊಂದಿಗೆ ಕೂಡಿ ಮರಿ ಹಾಕಿತ್ತು. ಅದರಲ್ಲೊಂದು ಗಂಡುಮರಿಯನ್ನು ರಟ್ಟಿನ ಡಬ್ಬಿಯಲ್ಲಿಟ್ಟು ತಂದು ಅಪ್ಪನ ಮಡಿಲಿಗೆ ಹಾಕಿದಳು. ನಾಯಿಯನ್ನು ಅಡ್ಡಾಡಿಸುವುದು ಒಂದು ಕೆಲಸವಾಯಿತಲ್ಲ, ಅಪ್ಪನಿಗೆ ನಡೆಯಲು ಕಾರಣ ಸಿಕ್ಕಿತು. ದಿನಾ ಕೆರೆಯ ಏರಿಯವರೆಗೆ ಹೋಗಿ, ಹುಲ್ಲಿನಲ್ಲಿ ಅದನ್ನು ಬಿಟ್ಟು, ತಿರುಗಿ ಬರುತ್ತಾನೆ. ಮೂರು ವರ್ಷದಿಂದ ಆ ಮನುಷ್ಯನ ಎದೆ ಒಂದು ನಾಯಿಯ ಹಗ್ಗಕ್ಕೆ ಕಟ್ಟಿಕೊಂಡು ನಡೆದಿದೆ ಎಂದರೆ ಸುಳ್ಳಲ್ಲ.

ಈ ಸಲ ಶ್ರಾವಣ ಹುಟ್ಟುವಾಗಲೇ ಮಳೆ ಜಿಟಿಜಿಟಿ ಹಿಡಿದಿತ್ತು. ನಾಯಿ ಹೊತ್ತೆಲ್ಲ ಪಡಸಾಲೆಯ ಮೂಲೆಯಲ್ಲಿ, ಅಪ್ಪನ ಹಳೆಯ ಧೋತರ ಸೇರಿಸಿ ಹೊಲಿದ ಕೌದಿಯ ಮೇಲೆ ಮಲಗಿರುತ್ತಿತ್ತು. ಮೊದಲು ರೊಟ್ಟಿ ಬಿಟ್ಟಿತು. ಮಳೆಗೆ ಹೀಗಾಗಿದೆ ಎಂದರು ಅವ್ವ, ಅಪ್ಪ ಇಬ್ಬರೂ. ಆಮೇಲೆ ಕರೆದರೆ ಬಾಲ ಮಾತ್ರ ಆಡಿಸಿತು, ಏಳಲಿಲ್ಲ. ಒಂದು ಬೆಳಿಗ್ಗೆ ಅದರ ಮೂಗಿನಿಂದ ರಕ್ತ ಹನಿದು ಸಾರಿಸಿದ ನೆಲದ ಮೇಲೆ ಬಿದ್ದಿತ್ತು. ಬೀದಿನಾಯಿ ಜೊತೆ ಕಚ್ಚಾಡಿರಬೇಕು ಎಂದ ಅಪ್ಪ. ಎದ್ದು ನಿಲ್ಲಲಾರದ ನಾಯಿ ಯಾರ ಜೊತೆ ಕಚ್ಚಾಡೀತು ಎಂದು ನಾನು ಕೇಳಿದೆ. ಅಪ್ಪ ಒದ್ದೆ ಬಟ್ಟೆ ತಂದು ಮೂಗು ಒರೆಸತೊಡಗಿದ. ಆ ದಿನ ಅವನು ನಡೆಯಲು ಹೋಗಲಿಲ್ಲ.

ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಶಿಗ್ಗಾಂವಿಗೆ ಒಯ್ದೆವು. ಅಲ್ಲಿ ಖಾಸಗಿಯಾಗಿ ನೋಡುವ ಪಶುವೈದ್ಯರೊಬ್ಬರಿದ್ದಾರೆ. ತುಟಿ ಎತ್ತಿ ವಸಡು ನೋಡಿದರು, ಬಿಳಚಿತ್ತು. ಹೊಟ್ಟೆಯ ಚರ್ಮದ ಮೇಲೆ ಸೂಜಿ ಚುಚ್ಚಿದಂಥ ಕೆಂಪು ಚುಕ್ಕೆಗಳಿದ್ದವು. ಆಮೇಲೆ ನಾಯಿಯನ್ನು ಬಿಟ್ಟು ನಮ್ಮನ್ನು ವಿಚಾರಿಸತೊಡಗಿದರು. ಎಲ್ಲಿ ಮಲಗುತ್ತದೆ? ಗೋಡೆ ಯಾವುದರದು? ಕಲ್ಲು ಮಣ್ಣಿನದಾದರೆ ಬಿರುಕು ಇವೆಯೇ? ಹುಲ್ಲಿನಲ್ಲಿ ಓಡಾಡುತ್ತದೆಯೇ? ಬೀದಿನಾಯಿಗಳು ಹಿತ್ತಲಿಗೆ ಬರುತ್ತವೆಯೇ? ಉಣ್ಣಿಗೆ ಔಷಧ ಯಾವಾಗಲಾದರೂ ಹಾಕಿದ್ದೀರಾ? ಒಳ್ಳೆಯ ಎದುರಾಳಿ ಹೀಗೇ ಕೇಳುತ್ತಾನೆ. ನಾವು ಒಂದೊಂದಕ್ಕೂ ಒಪ್ಪುತ್ತ ಹೋದೆವು. ಒಪ್ಪಿ ಮುಗಿಯುವಷ್ಟರಲ್ಲಿ ಹೊರಗೆ ಹೋಗುವ ದಾರಿಗಳೆಲ್ಲ ಮುಚ್ಚಿಹೋಗಿದ್ದವು.

"ಕಿತ್ತ ಉಣ್ಣಿ ಏನ್ ಮಾಡ್ತೀರಿ?" ಎಂದು ಕೊನೆಗೆ ಕೇಳಿದರು.

ಅಪ್ಪ ಚಾವಣಿ ನೋಡಿದ. ನಾನೇ ಹೇಳಿದೆ. ವೈದ್ಯರು ಕೈಗವಸು ತೆಗೆಯುತ್ತ ನಕ್ಕರು. ಅದು ಗೇಲಿಯ ನಗುವಲ್ಲ, ದಣಿದ ನಗು.

"ನೋಡವಾ ತಂಗಿ, ರಕ್ತ ಕುಡದು ಉಬ್ಬಿದ ಒಂದು ಹೆಣ್ಣು ಉಣ್ಣಿ ಸಾವಿರಗಟ್ಟಲೆ ತತ್ತಿ ಇಡತೈತಿ. ನೀವು ಅದಕ್ಕ ಬಾಣಂತನ ಮಾಡಾಕತ್ತೀರಿ."

ಉಣ್ಣಿ ಕಚ್ಚಿದಾಗ ಅದರ ಜೊಲ್ಲಿನೊಂದಿಗೆ ಒಂದು ಬಗೆಯ ಬ್ಯಾಕ್ಟೀರಿಯಾ ರಕ್ತಕ್ಕಿಳಿದು, ಬಿಳಿಕಣಗಳೊಳಗೆ ಮನೆ ಮಾಡುತ್ತದೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್ಲೆಟ್ ಕಡಿಮೆಯಾಗುತ್ತವೆ, ಅದಕ್ಕೇ ಮೂಗಿನ ರಕ್ತ ಎಂದು ಬಿಡಿಸಿ ಹೇಳಿದರು. ಸಂಶಯ ಉಳಿಯದಿರಲಿ ಎಂದು ರಕ್ತ ತೆಗೆದು ಸಣ್ಣ ನಳಿಕೆಗೆ ತುಂಬಿ, ಸವಣೂರಿನಲ್ಲಿ ತಮಗೆ ಗೊತ್ತಿರುವ ಒಬ್ಬರ ಲ್ಯಾಬಿಗೆ ಒಯ್ಯಲು ಹೇಳಿದರು. ಅಪ್ಪ ನಾಯಿಯೊಂದಿಗೆ ಊರಿಗೆ ಹೋದ. ನಾನು ನಳಿಕೆಯನ್ನು ಐಸ್ ತುಂಬಿದ ಥರ್ಮಾಸಿನಲ್ಲಿಟ್ಟು, ಅದನ್ನು ಎದೆಗವಚಿಕೊಂಡು ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಹೆಂಗಸು ಥರ್ಮಾಸ್ ನೋಡಿ, ಸವಣೂರಿನಲ್ಲಿ ಯಾರು ಬಾಣಂತಿ ಎಂದು ಕೇಳಿದಳು. ಬಿಡಿಸಿ ಹೇಳುವ ತ್ರಾಣ ಇರಲಿಲ್ಲ, ಅಕ್ಕ ಎಂದುಬಿಟ್ಟೆ.

ಲ್ಯಾಬಿನವರು ನರೆತ ಗಡ್ಡದ, ತಲೆಗೆ ಬಿಳಿ ಟೊಪ್ಪಿಗೆ ಹಾಕಿದ ಮನುಷ್ಯ. ಯಾರ ರಕ್ತ ಎಂದರು, ನಾಯಿಯದು ಎಂದೆ. ಬೆಂಚಿನ ಮೇಲೆ ಕೂತವರೆಲ್ಲ ತಿರುಗಿ ನೋಡಿದರು.

"ನಾ ಯಾರ ರಕ್ತಕ್ಕೂ ಜಾತಿ ಕೇಳೂದಿಲ್ರಿ ಬಾಯಾರ, ಆದ್ರ ನನ್ನ ಮಷೀನ್ ಕೇಳತೈತಿ," ಎಂದರು. ಆ ಯಂತ್ರವನ್ನು ಮನುಷ್ಯರ ರಕ್ತದ ಲೆಕ್ಕಕ್ಕೆ ಹೊಂದಿಸಿದೆ, ನಾಯಿಯದನ್ನು ಗಾಜಿನ ಮೇಲೆ ಹಚ್ಚಿ ಕಣ್ಣಿನಿಂದಲೇ ನೋಡಬೇಕು, ತಡವಾಗುತ್ತದೆ. ಕಾದೆ. ಸಂಜೆ ಹೊರಗೆ ಬಂದು, ಪ್ಲೇಟ್ಲೆಟ್ ತೀರಾ ಕಡಿಮೆ, ಇನ್ನೂ ಕಡಿಮೆಯಾದರೆ ಒಳಗೊಳಗೆ ರಕ್ತ ಸುರಿದು ಹೋಗುತ್ತದೆ ಎಂದು ಡಾಕ್ಟರು ಹೇಳಿರಬೇಕಲ್ಲ ಎಂದರು. ಹೇಳಿದ್ದರು.

ಗುಳಿಗೆ ಶುರುವಾಯಿತು. ತಿಂಗಳ ತನಕ ಬಿಡದೆ ಕೊಡಬೇಕು, ಹಾಲು ಮೊಸರಿನಲ್ಲಿ ಕೊಡಬಾರದು. ಅವ್ವ ಅದನ್ನು ರೊಟ್ಟಿಯ ಚೂರಿನಲ್ಲಿ ಬೆಲ್ಲದ ಜೊತೆ ಸುತ್ತಿ, ನಾಯಿಯ ಬಾಯಿ ಅಗಲಿಸಿ ಗಂಟಲಿಗೆ ಇಳಿಸುತ್ತಿದ್ದಳು. ಗುಳಿಗೆಯ ಜೊತೆ ವೈದ್ಯರು ಎರಡು ಸೀಸೆ ಕೊಟ್ಟಿದ್ದರು. ಒಂದು ನಾಯಿಯ ಮೈಗೆ, ಇನ್ನೊಂದು ಗೋಡೆಗೆ. ಗುಳಿಗೆ ಒಂದೇ ಕೊಟ್ಟರೆ ಸೋರುವ ಕೊಡಕ್ಕೆ ನೀರು ಹಾಕಿದಂತೆ, ಉಣ್ಣಿ ಇರುವತನಕ ರಕ್ತ ಕುಡಿಯುತ್ತವೆ, ರೋಗ ತಿರುಗಿ ಏರಿಸುತ್ತವೆ ಎಂದು ಒತ್ತಿ ಹೇಳಿದ್ದರು. ಆ ಎರಡೂ ಸೀಸೆಗಳನ್ನು ಅವ್ವ ಗೋಡೆಯ ಮೇಲಿನ ಮಾಡದಲ್ಲಿಟ್ಟಳು, ಶ್ರಾವಣ ಮುಗಿಯಲಿ ಎಂದಳು.

ವಾದ ಅಲ್ಲಿಂದ ಶುರುವಾಯಿತು. ಅದನ್ನು ಪೂರ್ತಿ ಬರೆಯಲು ಈಗಲೂ ಬೇಸರವಾಗುತ್ತದೆ. ನಾಯಿಯೂ ಒಂದು ಜೀವವಲ್ಲವೇ ಎಂದೆ. ನಾಯಿಯನ್ನು ನಾನು ಕೊಲ್ಲುತ್ತಿಲ್ಲ, ಗುಳಿಗೆ ಕೊಡುತ್ತಿದ್ದೇನೆ ಎಂದಳು. ಗುಳಿಗೆ ಕೊಲ್ಲುವುದೂ ಜೀವವನ್ನೇ, ಬ್ಯಾಕ್ಟೀರಿಯಾ ಎಂದರೆ ಲೆಕ್ಕವಿಲ್ಲದಷ್ಟು ಜೀವ ಎಂದೆ.

"ಕಣ್ಣಿಗೆ ಕಾಣದ್ದು ದೇವರ ಪಾಲಿಂದು. ಕಾಣೂದು ನನ್ನ ಪಾಲಿಂದು," ಎಂದಳು.

ಈ ಮಾತಿಗೆ ಯಾವ ತೀರ್ಪುಗಾರರಾದರೂ ಅವಳಿಗೇ ಅಂಕ ಕೊಡುತ್ತಿದ್ದರು. ನಾನು ಇನ್ನೊಂದು ಬಾಗಿಲು ತೆರೆಯಲು ನೋಡಿದೆ. ತಿನ್ನಿಸುವ ಔಷಧವೂ ಉಂಟಂತೆ, ನಾಯಿ ತಿಂದರೆ ಸಾಕು, ಕಚ್ಚಿದ ಉಣ್ಣಿ ತಾನಾಗಿ ಸಾಯುತ್ತದೆ, ಕಚ್ಚು ಎಂದು ನಾವು ಹೇಳುವುದಿಲ್ಲವಲ್ಲ ಎಂದೆ. ಪುರಾವೆ ಪುರಾವೆ ಎಂದು ಜೀವ ತಿನ್ನುವ ನಾನು, ಹರಕೆಯ ಒಳಗೆ ನಿಂತು ಅದರಲ್ಲೊಂದು ಕಿಂಡಿ ಹುಡುಕುತ್ತಿದ್ದೆ. ತಿನ್ನಿಸುವ ಕೈ ಯಾರದು ಎಂದು ಕೇಳಿ ಅವ್ವ ಕಿಂಡಿ ಮುಚ್ಚಿದಳು.

ನೀನೇ ಕದ್ದು ಔಷಧ ಹೊಡೆಯಬಹುದಿತ್ತಲ್ಲ ಎಂದು ಅಕ್ಕ ಫೋನಿನಲ್ಲಿ ಬೈದಳು. ಹೊಡೆಯಬಹುದಿತ್ತು. ಆದರೆ ಹರಕೆ ಅವ್ವನ ಕೈಯದಷ್ಟೇ ಅಲ್ಲ, ಮನೆಯದು. ಯಾರು ಕೊಂದರೂ ಮುರಿಯಿತು. ಹತ್ತಿಗೆ ಔಷಧ ಹೊಡೆಯುವ ಮನೆಯಲ್ಲಿ ಬೆಳೆದ ಅವ್ವನ ಮೂಗಿಗೆ ಅದರ ವಾಸನೆ ತಿಳಿಯದಿರುವುದೂ ಇಲ್ಲ. ಕದ್ದು ಮಾಡಿ, ಆಮೇಲೆ ಅಪ್ಪನಿಗೆ ನೆಗಡಿಯಾದರೂ ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಪಕ್ಕದ ಮನೆಯ ಚಾಚಿ ಗೋಡೆಯಾಚೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ಅವರ ಮನೆಗೂ ನಮ್ಮ ಮನೆಗೂ ಆ ಬಿರುಕುಬಿಟ್ಟ ಹಿತ್ತಲ ಗೋಡೆ ಒಂದೇ. ಆಡು ಸಾಕುವವಳಾದ್ದರಿಂದ ಅವಳಿಗೂ ಉಣ್ಣಿಯ ಕಾಟ ಗೊತ್ತು. ಒಂದು ಮಧ್ಯಾಹ್ನ ತಾನೇ ಬಂದು ಕೈ ಚಾಚಿದಳು.

"ಆ ಪರಟಿ ಇತ್ತ ಕೊಡವಾ ಯಕ್ಕಾ. ನಿಮ್ಮ ಶ್ರಾವಣ ನಮ್ಮ ಮನ್ಯಾಗ ಎಲ್ಲೈತಿ? ನಾ ಹೊಸಕಿ ಒಗೀತೇನಿ."

ಅವ್ವ ನಕ್ಕಳು. ಆ ತಿಂಗಳಲ್ಲಿ ನಾನು ನೋಡಿದ ಅವಳ ನಗು ಅದೊಂದೇ ಇರಬೇಕು. ನನ್ನ ಪಾಪ ನಿನ್ನ ತಲೆಗೆ ಕಟ್ಟಲೇನು ಎಂದಳು. ನಮ್ಮಲ್ಲಿ ಇದು ಪಾಪವೇ ಅಲ್ಲ ಎಂದು ಚಾಚಿ ಎಷ್ಟು ಹೇಳಿದರೂ ಅವ್ವ ಪರಟೆಯನ್ನು ಕೈಬಿಡಲಿಲ್ಲ. ಚಾಚಿ ಹೋಗುವಾಗ ನನ್ನ ಕಡೆ ನೋಡಿ, ಇಷ್ಟು ಓದಿಸಿ ಏನು ಬಂತು, ಅವ್ವನನ್ನೇ ಒಪ್ಪಿಸಲು ಬರುವುದಿಲ್ಲ ಎಂಬಂತೆ ತಲೆ ಆಡಿಸಿದಳು.

ಅಪ್ಪನೂ ಒಮ್ಮೆ ಬಾಯಿ ಬಿಟ್ಟ. ಊಟಕ್ಕೆ ಕೂತಾಗ ತಟ್ಟೆಯ ಕಡೆಗೇ ನೋಡುತ್ತ, ಹರಕೆ ತನ್ನ ಸಲುವಾಗಿ ಹೊತ್ತದ್ದು, ತಾನೇ ಮುರಿಯುತ್ತೇನೆ, ಬಂದದ್ದು ತನಗೆ ಬರಲಿ ಎಂದ. ಅವ್ವನ ಕೈಯ ಸೌಟು ನಿಂತಿತು.

"ನಿಮಗ ಬರಬಾರದು ಅಂತನ ಹೊತ್ತೇನ್ರಿ ನಾ," ಎಂದಳು.

ಗುಳಿಗೆಗೆ ನಾಯಿ ಸ್ವಲ್ಪ ಚೇತರಿಸಿಕೊಂಡಿತು. ಜ್ವರ ಇಳಿಯಿತು, ರೊಟ್ಟಿ ಮೂಸಿತು. ನೋಡಿದೆಯಾ ಎಂಬಂತೆ ಅವ್ವ ನನ್ನ ಮುಖ ನೋಡಿದಳು. ಆದರೆ ಪಡಸಾಲೆಯ ಗೋಡೆಯ ಬಿರುಕುಗಳಿಂದ ಎಳ್ಳಿನಷ್ಟು ಸಣ್ಣ ಮರಿ ಉಣ್ಣಿಗಳು ಸಾಲುಗಟ್ಟಿ ಮೇಲೇರುತ್ತಿದ್ದವು. ನಾನು ಬೆಳಿಗ್ಗೆ ಬಸ್ಸಿಗೆ ಹೊರಡುವಾಗ ಅವು ಕೌದಿಯ ಅಂಚಿನಲ್ಲಿರುತ್ತಿದ್ದವು, ಸಂಜೆ ಬಂದರೆ ನಾಯಿಯ ಕಿವಿಯಲ್ಲಿರುತ್ತಿದ್ದವು. ಅವ್ವ ಆರಿಸುತ್ತಿದ್ದಳು, ಬಣವೆಗೆ ಒಯ್ಯುತ್ತಿದ್ದಳು. ಅಪ್ಪ ಬೆಳಿಗ್ಗೆ ಎದ್ದು ಹಗ್ಗ ತೆಗೆದು, ನಾಯಿಯ ಮುಂದೆ ಹಿಡಿದು, ಅದು ಏಳದಿದ್ದಾಗ ಮತ್ತೆ ಗೂಟಕ್ಕೆ ಹಾಕಿ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದ. ಒಬ್ಬನೇ ಹೋಗು ಎಂದರೆ ಒಬ್ಬನೇ ಎಲ್ಲಿಗೆ ಹೋಗಲಿ ಎನ್ನುತ್ತಿದ್ದ.

ಮತ್ತೆ ರಕ್ತ ಬಂತು. ಈ ಸಲ ಎರಡೂ ಹೊಳ್ಳೆಯಿಂದ, ಒರೆಸಿದರೂ ನಿಲ್ಲದಂತೆ. ಫೋನು ಮಾಡಿದರೆ ವೈದ್ಯರು ಒಂದೇ ಮಾತು ಕೇಳಿದರು, ಗೋಡೆಗೆ ಹೊಡೆದಿರಾ? ಇಲ್ಲ ಎಂದೆ. ಹಾಗಿದ್ದರೆ ನನ್ನನ್ನು ಏನು ಕೇಳುತ್ತೀರಿ ಎಂದರು. ಸಿಟ್ಟಿನಿಂದಲ್ಲ. ಅವರಿಗೂ ಸಾಕಾಗಿತ್ತು.

ಅವ್ವ ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಮೂಗು ಒತ್ತಿ ಹಿಡಿದಿದ್ದಳು. ಸೆರಗು ಕೆಂಪಾಗಿತ್ತು. ಎದುರಿಗೆ ಕೂತೆ. ನನ್ನ ಹತ್ತಿರ ಒಂದು ವಾದ ಉಳಿದಿತ್ತು. ಅದು ಮೊದಲ ದಿನದಿಂದಲೂ ಗೊತ್ತಿತ್ತು, ಗೆಲ್ಲುತ್ತದೆಂದೂ ಗೊತ್ತಿತ್ತು. ಅದಕ್ಕೇ ಹೆದರಿ ಆಡದೆ ಇಟ್ಟುಕೊಂಡಿದ್ದೆ.

"ಈ ನಾಯಿ ಸತ್ರ ಅಪ್ಪ ಮತ್ತ ನಡಿಯಾಕ ಹೋಗ್ತಾನೇನವ್ವಾ?" ಎಂದೆ.

ನಾನು ಮುಂದುವರಿಸಲಿಲ್ಲ. ಅಪ್ಪನನ್ನು ಉಳಿಸುತ್ತಿರುವುದು ಹರಕೆಯೋ ನಡಿಗೆಯೋ ಎಂಬ ಪ್ರಶ್ನೆಯನ್ನು ಅವಳೇ ಮುಗಿಸಿಕೊಳ್ಳಲಿ ಎಂದು ಬಿಟ್ಟೆ. ವೇದಿಕೆಯಲ್ಲಿ ಇಂಥದ್ದನ್ನು ಹೇಳಿ ಕೂತಾಗ ಮೈಯೆಲ್ಲ ಬಿಸಿಯಾಗುತ್ತಿತ್ತು, ಚಪ್ಪಾಳೆ ಬೀಳುತ್ತಿತ್ತು. ಇಲ್ಲಿ ಹೆಂಚಿನ ಮೇಲೆ ಮಳೆ ಬೀಳುತ್ತಿತ್ತು. ಬಸ್ಸಿಗೆ ಹೊತ್ತಾಗಿತ್ತು, ಎದ್ದುಹೋದೆ.

ಮಧ್ಯಾಹ್ನ ಕಾಲೇಜಿನಿಂದ ಬೇಗ ಬಂದೆ. ಅಂಗಳದಲ್ಲಿ ಕೌದಿ ಉರಿಯುತ್ತಿತ್ತು. ಮಳೆಗೆ ಹಸಿಯಾಗಿದ್ದರಿಂದ ಹೊಗೆಯೇ ಹೆಚ್ಚು. ಒಳಗೆ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಚ್ಚಲ ಹಂಡೆಯ ಕುದಿಯುವ ನೀರನ್ನು ತಂಬಿಗೆಯಿಂದ ಗೋಡೆಯ ಬಿರುಕಿಗೆ ಸುರಿಯುತ್ತಿದ್ದಳು. ಒಂದು ಬಿರುಕು ಆದ ಮೇಲೆ ಇನ್ನೊಂದು, ಕೆಳಗಿನಿಂದ ಮೇಲಕ್ಕೆ. ನೀರಿನ ಜೊತೆ ಮಣ್ಣು, ಮಣ್ಣಿನ ಜೊತೆ ಉಣ್ಣಿ ಕೆಳಗೆ ಇಳಿದು ಬರುತ್ತಿದ್ದವು. ಅವಳು ಕಣ್ಣು ಬೇರೆ ಕಡೆ ತಿರುಗಿಸಲಿಲ್ಲ, ನೋಡುತ್ತಲೇ ಸುರಿದಳು. ಮಾಡದಲ್ಲಿದ್ದ ಸೀಸೆಗಳೆರಡೂ ಕೆಳಗೆ ಬಂದಿದ್ದವು. ಒಂದರ ಔಷಧ ಆಗಲೇ ನಾಯಿಯ ಮೈಮೇಲಿತ್ತು. ನಾನು ಇನ್ನೊಂದನ್ನು ನೀರಿಗೆ ಬೆರೆಸಿ ಪಂಪಿಗೆ ಹಾಕಿಕೊಟ್ಟೆ. ಇಬ್ಬರೂ ಸೇರಿ ಪಡಸಾಲೆಯ ಗೋಡೆಗೆ, ಹಿತ್ತಲ ಗೋಡೆಗೆ, ಬಣವೆಯ ಬುಡಕ್ಕೆ ಹೊಡೆದೆವು. ಗೋಡೆಯಾಚೆ ಚಾಚಿ ತನ್ನ ಆಡುಗಳನ್ನು ಹಿಡಿದು ದೂರ ಕಟ್ಟುತ್ತಿದ್ದ ಸದ್ದು ಕೇಳಿಸಿತು.

ಎಲ್ಲ ಮುಗಿದ ಮೇಲೆ ಅವ್ವ ತಲೆಗೆ ನೀರು ಹಾಕಿಕೊಂಡು ಬಂದು ದೇವರ ಜಗಲಿಯ ಮುಂದೆ ಕೂತಳು. ಕೈ ಮುಗಿಯಲಿಲ್ಲ. ಸಂಜೆ ಪ್ರವಚನಕ್ಕೂ ಹೋಗಲಿಲ್ಲ, ಆ ಶ್ರಾವಣ ಮುಗಿಯುವತನಕ ಹೋಗಲೇ ಇಲ್ಲ. ಯಾರಾದರೂ ಕರೆದರೆ ಮಂಡಿ ನೋವು ಎಂದಳು.

ನಾಯಿ ಉಳಿಯಿತು. ರಕ್ತ ನಿಂತಿತು, ನಿಧಾನವಾಗಿ ವಸಡಿಗೆ ಬಣ್ಣ ಬಂತು. ಸವಣೂರಿನ ಲ್ಯಾಬಿನವರು ಎರಡನೆಯ ಸಲ ಗಾಜು ನೋಡಿ, ನಿಮ್ಮ ಪೇಶಂಟಿಗೆ ಈಗ ಚಲೋ ಐತಿ ಎಂದರು. ಗೋಡೆಯ ಬಿರುಕುಗಳನ್ನು ಗೌಂಡಿ ಬಂದು ಸಿಮೆಂಟಿನಲ್ಲಿ ಮುಚ್ಚಿದ. ಅಪ್ಪ ಮತ್ತೆ ಹಗ್ಗ ಹಿಡಿದು ಹೊರಟ, ಮೊದಲು ಬೀದಿಯ ತಿರುವಿನವರೆಗೆ, ಆಮೇಲೆ ಏರಿಯವರೆಗೆ. ನಾನು ಹೇಳಿದ್ದೆಲ್ಲ ಸರಿಯಾಗಿತ್ತು.

ಆದರೆ ಅವ್ವನ ಬೆರಳುಗಳು ನಾಯಿಯನ್ನು ಬಿಟ್ಟು ಅಪ್ಪನ ಹಿಂದೆ ಬಿದ್ದವು. ಮಧ್ಯಾಹ್ನ ಅವನು ಅಡ್ಡಾದರೆ ಪಕ್ಕದಲ್ಲಿ ಕೂತು ಎದೆ ಏರಿಳಿಯುವುದನ್ನು ನೋಡುತ್ತಿದ್ದಳು. ಬೆವರಿದರೆ ಹಣೆ ಮುಟ್ಟುತ್ತಿದ್ದಳು. ಅವನು ಏರಿಯಿಂದ ತಿರುಗಿ ಬರುವುದು ಸ್ವಲ್ಪ ತಡವಾದರೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಏನಾಗಿದೆ ನಿನಗೆ ಎಂದು ಅಪ್ಪ ರೇಗಿದ. ಏನಿಲ್ಲ, ಮಳೆ ನೋಡುತ್ತಿದ್ದೆ ಎಂದಳು. ಮಳೆ ನಿಂತು ವಾರವಾಗಿತ್ತು.

ಅಮಾವಾಸ್ಯೆಗೆ ಶ್ರಾವಣ ಮುಗಿಯುವುದಿತ್ತು. ಅದಕ್ಕೆ ಮೊದಲಿನ ಒಂದು ಬೆಳಿಗ್ಗೆ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ನಾನು ಬುತ್ತಿ ಕಟ್ಟಿಕೊಳ್ಳುತ್ತಿದ್ದೆ. ಅಪ್ಪ ಹೊರಗೆ ಕಟ್ಟೆಯ ಮೇಲೆ ನಾಯಿಗೆ ಏನೋ ಹೇಳುತ್ತ ಕೂತಿದ್ದ. ಅವ್ವ ಬಡಿಯುವುದನ್ನು ನಿಲ್ಲಿಸಿದಳು.

"ಏನೂ ಆಗೂದಿಲ್ಲ ಅಂತಿ ಅಲಾ ನೀ?"

ಏನು, ಯಾರಿಗೆ ಎಂದು ನಾನು ಕೇಳಬೇಕಿರಲಿಲ್ಲ.

"ಆಗೂದಿಲ್ಲವ್ವಾ."

"ಖರೇನ ಹೇಳಾಕತ್ತಿಯೋ, ವಾದಕ್ಕ ಹೇಳಾಕತ್ತಿಯೋ?"

ಎದೆಯಲ್ಲಿ ಸ್ಟೆಂಟ್ ಇರುವ ಮನುಷ್ಯ. ಉಣ್ಣಿ ಸತ್ತರೂ ಇದ್ದರೂ ಅವನಿಗೆ ಯಾವತ್ತು ಏನಾದೀತೆಂದು ಹುಬ್ಬಳ್ಳಿಯ ಡಾಕ್ಟರೂ ಬರೆದುಕೊಡಲಿಲ್ಲ. ನಾಳೆಯೇ ಏನಾದರೂ ಆದರೆ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಯಾವ ವೇದಿಕೆಯಲ್ಲಿ ಬೇಕಾದರೂ ತೋರಿಸಿಕೊಟ್ಟೇನು. ಈ ಅಡುಗೆಮನೆಯಲ್ಲಿ ಮಾತ್ರ ಆಗದು. ಪುರಾವೆ ಕೇಳುತ್ತ ಬೆಳೆದವಳು ಕೊಡಬಹುದಾದ ಪ್ರಾಮಾಣಿಕ ಉತ್ತರ, ಗೊತ್ತಿಲ್ಲ ಎಂಬುದೊಂದೇ.

"ಖರೇನವ್ವಾ," ಎಂದೆ.

ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ನಂಬಿದಳೆಂದು ನನಗೆ ಅನಿಸಲಿಲ್ಲ. ಮತ್ತೆ ಹಿಟ್ಟಿನ ಮೇಲೆ ಕೈಯಿಟ್ಟಳು. ಅಷ್ಟರಲ್ಲಿ ಹೊರಗೆ ಅಪ್ಪ ಕೆಮ್ಮಿದ. ಅವಳೂ ನಾನೂ ಒಟ್ಟಿಗೇ ತಲೆ ಎತ್ತಿ, ಮುಂದಿನ ಸದ್ದಿಗೆ ಕಿವಿಗೊಟ್ಟು ಕೂತೆವು.